ತಂಬೂರಿಯ ಪಂಚಮ ನುಂಗಿದ ಕಾಮಾ: ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ?

ಅಕ್ಕನ ಮಗ ಜರ್ಮನಿಯಿಂದ ಹಾಸನಕ್ಕೆ ಬಂದಾಗ ತನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪ್ ನಮಗೆ ಕೊಟ್ಟ. ಮಗಳ ಸಂಗೀತಾಭ್ಯಾಸಕ್ಕೆ ನಾನು ಬರೆದಿದ್ದ ತಂಬೂರಿ ಪ್ರೋಗ್ರಾಂ ಅದರಲ್ಲಿ ಹಾಕಿದೆ. ಮಂದ್ರ ಷಡ್ಜಕ್ಕೆ 1, ನಡುವಿನ ಎರಡು ತಂತಿಗೆ 2, ಪಂಚಮಕ್ಕೆ 1.5 ಎಂಬ ಕಂಪನಾಂಕದ ಅನುಪಾತದ ಲೆಕ್ಕ. "ಅಪ್ಪಾ, ಪ ಎಲ್ಲಿ? ಬರೀ ಸ ಕೇಳ್ತಿದೆ" ಅಂದಳು. ನಿಜ, ಪಂಚಮದ ಜಾಗದಲ್ಲೂ ಮಂದ್ರ ಷಡ್ಜವೇ ಮೊಳಗುತ್ತಿತ್ತು. ತೆರೆಯ ಮೇಲೆ ಒಂದೇ ಒಂದು ದೋಷ ಸಂದೇಶವಿಲ್ಲ.

ಕಾರಣ ಸರಳ. ನಮ್ಮ ಆಲೂಗಡ್ಡೆ ಮಂಡಿಯ ಚೀಟಿಯಲ್ಲಿ 1,250 ಎಂದರೆ ಸಾವಿರದ ಇನ್ನೂರೈವತ್ತು. ಜರ್ಮನಿಯಲ್ಲಿ ಅದು ಒಂದೂಕಾಲು. ಅಲ್ಲಿ ದಶಮಾಂಶಕ್ಕೆ ಚುಕ್ಕಿಯಲ್ಲ, ಕಾಮಾ. ಪ್ರೋಗ್ರಾಂ ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗ್ ಅಳವಡಿಸಿಕೊಂಡಿದ್ದರೆ, ಸಿ ಭಾಷೆಯ ಸಂಖ್ಯೆ ಓದುವ ಫಂಕ್ಷನ್ ಅದನ್ನು ನೋಡಿ ನಡೆಯುತ್ತದೆ. ಜರ್ಮನ್ ಸೆಟ್ಟಿಂಗ್ ಇದ್ದರೆ ಚುಕ್ಕಿ ಕಂಡೊಡನೆ ಓದು ನಿಲ್ಲಿಸಿ, 1.5 ಅನ್ನು 1 ಎಂದುಕೊಳ್ಳುತ್ತದೆ. ಧ್ವನಿಮಟ್ಟ 0.3 ಎಂದಿದ್ದರೆ ಅದು 0, ಸದ್ದೇ ಇರುವುದಿಲ್ಲ.

ಮೊದಲು ರೋಗ ಖಚಿತಪಡಿಸಿಕೊಳ್ಳಿ. ಪ್ರೋಗ್ರಾಂನಲ್ಲಿ 1.5 ಎಂಬ ಅಕ್ಷರಗಳನ್ನು ಅದೇ ಫಂಕ್ಷನ್‌ನಿಂದ ಓದಿಸಿ, ಬಂದ ಸಂಖ್ಯೆಯನ್ನು ಪ್ರಿಂಟ್ ಮಾಡಿಸಿ. 1 ಬಂದರೆ ಟರ್ಮಿನಲ್‌ನಲ್ಲಿ 'ಲೊಕೇಲ್' (locale) ಆಜ್ಞೆ ಕೊಟ್ಟು, 'ಎಲ್‌ಸಿ_ನ್ಯೂಮರಿಕ್' (LC_NUMERIC) ಸಾಲು ನೋಡಿ. ಅಲ್ಲಿ ಜರ್ಮನ್ ಅಥವಾ ಫ್ರೆಂಚ್ ಗುರುತು ಇದ್ದರೆ ಕಳ್ಳ ಸಿಕ್ಕ ಹಾಗೆ. ಕನ್ನಡ ಗುರುತಿದ್ದರೆ ತಪ್ಪು ಬೇರೆಡೆ ಇದೆ, ಏಕೆಂದರೆ ಕನ್ನಡದ ಸೆಟ್ಟಿಂಗ್‌ನಲ್ಲೂ ದಶಮಾಂಶಕ್ಕೆ ಚುಕ್ಕಿಯೇ.

ಮದ್ದು ಇಷ್ಟು: 'ಎಲ್‌ಸಿ_ನ್ಯೂಮರಿಕ್=ಸಿ' (LC_NUMERIC=C) ಎಂದು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಸಮ ಚಿಹ್ನೆಯ ಆಚೀಚೆ ಜಾಗ ಬಿಡದೆ ಬರೆದು, ಒಂದು ಸ್ಪೇಸ್ ಕೊಟ್ಟು, ಅದೇ ಸಾಲಿನಲ್ಲಿ ತಂತ್ರಾಂಶದ ಹೆಸರು ಟೈಪಿಸಿ ಚಾಲೂ ಮಾಡಿ. ಇಲ್ಲಿ ಸಿ ಎಂದರೆ ದಶಮಾಂಶಕ್ಕೆ ಚುಕ್ಕಿ ಬಳಸುವ ಮೂಲ ಸೆಟ್ಟಿಂಗ್. 'ಎಲ್‌ಸಿ_ಆಲ್' (LC_ALL, ಎಲ್ಲ ಪ್ರದೇಶ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ಆಳುವಂಥದ್ದು) ಮೊದಲೇ ತುಂಬಿದ್ದರೆ ಅದರದೇ ಮೇಲುಗೈ. ಅದನ್ನು ತೆರವು ಮಾಡಿ. ಆದರೆ 'ಎಲ್‌ಸಿ_ಆಲ್' ಅನ್ನೇ ಸಿ ಮಾಡಿ ಎಂಬ ಸಲಹೆ ಕೇಳಬೇಡಿ. ಕನ್ನಡದ ಮೆನುಗಳೆಲ್ಲ ಇಂಗ್ಲಿಷಿಗೆ ತಿರುಗುತ್ತವೆ. ಒಂದು ಚುಕ್ಕಿಗಾಗಿ ಕನ್ನಡ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ರೀಜನ್, ಅಡಿಷನಲ್ ಸೆಟ್ಟಿಂಗ್ಸ್‌ಗೆ ಹೋಗಿ ಡೆಸಿಮಲ್ ಸಿಂಬಲ್ ಜಾಗದಲ್ಲಿ ಚುಕ್ಕಿ ಹಾಕಿದರಾಯಿತು.

ಕೆಟ್ಟ ಸೆಟ್ಟಿಂಗ್‌ನಲ್ಲಿ ಉಳಿಸಿದ ಫೈಲ್‌ಗಳನ್ನೂ ತೆರೆದು ನೋಡಿ. ಅವುಗಳಲ್ಲಿ 1.5 ಬದಲು 1,5 ಕೂತಿರಬಹುದು; ಮುಂದೆ ಅದು 1 ಮತ್ತು 5 ಎಂಬ ಎರಡು ಸಂಖ್ಯೆಯಾಗುತ್ತದೆ. ಎಲ್ಲ ಕಾಮಾ ಒಟ್ಟಿಗೆ ಬದಲಿಸಬೇಡಿ, ಸಂಖ್ಯೆಗಳನ್ನು ಬೇರ್ಪಡಿಸುವ ಕಾಮಾಗಳೂ ಹೋಗುತ್ತವೆ. ಪ್ರತಿ ತೆಗೆದಿಟ್ಟು, ಒಂದೊಂದಾಗಿ ನೋಡಿ ತಿದ್ದಿ.