ಆಡುವ ಮಕ್ಕಳ ಮೊಣಕೈ ನೋವು: ಗುರುತಿಸುವುದು, ಆರೈಕೆ ಮಾಡುವುದು, ಮತ್ತೆ ಆಟಕ್ಕೆ ಕಳಿಸುವುದು

ಹನ್ನೆರಡು ವರ್ಷದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಎಡಗೈಯಲ್ಲಿ ಹಲ್ಲುಜ್ಜತೊಡಗಿದ್ದ. ಅವನ ತಾಯಿ ಅದನ್ನು ಎರಡು ವಾರ ನೋಡಿದ್ದರೂ ಹುಡುಗಾಟವೆಂದು ಸುಮ್ಮನಿದ್ದರು. ಫಿಸಿಯೋಥೆರಪಿಗೆಂದು ನನ್ನ ಮುಂದೆ ಬಂದು ಕುಳಿತಾಗ, ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ಮುಂದಕ್ಕೆ ಚಾಚುವಂತೆ ಹೇಳಿದೆ. ಎಡಗೈ ನೇರವಾಗಿ ನಿಂತಿತು. ಬಲಗೈ ಮಾತ್ರ ಮೊಣಕೈಯಲ್ಲಿ ತುಸು ಮಡಚಿಕೊಂಡೇ ಉಳಿಯಿತು. ಮೊಣಕೈಯ ಒಳಬದಿಯಲ್ಲಿರುವ ಮೂಳೆಯ ಉಬ್ಬನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದ ಕೂಡಲೇ "ಇಲ್ಲೇ, ಇಲ್ಲೇ" ಎನ್ನುತ್ತಾ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅವನು ಬಿದ್ದಿರಲಿಲ್ಲ, ಕೈಗೆ ಪೆಟ್ಟೂ ಆಗಿರಲಿಲ್ಲ. ಬೆಳಿಗ್ಗೆ ಕ್ರಿಕೆಟ್ ಅಕಾಡೆಮಿ, ಮಧ್ಯಾಹ್ನ ಶಾಲೆಯ ತಂಡ, ಸಂಜೆ ಕತ್ತಲಾಗುವ ತನಕ ಮನೆಯ ಮುಂದಿನ ರಸ್ತೆಯಲ್ಲಿ ಟೆನಿಸ್ ಬಾಲಿನ ಆಟ, ಇಷ್ಟೇ ನಡೆದಿತ್ತು. ಇಂಥ ನೋವಿಗೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು, ವೈದ್ಯರ ಬಳಿಗೆ ಯಾವಾಗ ಓಡಬೇಕು ಎಂಬುದನ್ನು ಆಡುವ ಮಕ್ಕಳ ತಂದೆ ತಾಯಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡವರ ನೋವಿಗೂ ಮಕ್ಕಳ ನೋವಿಗೂ ಇರುವ ವ್ಯತ್ಯಾಸ

2004ರಲ್ಲಿ ಸಚಿನ್ ತೆಂಡೂಲ್ಕರ್ ಅವರು ಮೊಣಕೈ ನೋವಿನಿಂದ ಪಂದ್ಯಗಳನ್ನು ತಪ್ಪಿಸಿಕೊಂಡಾಗ 'ಟೆನಿಸ್ ಎಲ್ಬೋ' ಎಂಬ ಪದ ನಮ್ಮಲ್ಲಿ ಮನೆಮಾತಾಯಿತು. ಅಂದಿನಿಂದ ಮೊಣಕೈ ನೋವೆಂದರೆ ಸಾಕು, ಎಲ್ಲರ ಬಾಯಲ್ಲೂ ಅದೇ ಹೆಸರು ಬರುತ್ತದೆ. ಆದರೆ ಟೆನಿಸ್ ಎಲ್ಬೋ ಹೆಚ್ಚಾಗಿ ಮೂವತ್ತೈದು ದಾಟಿದವರ ತೊಂದರೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳ ರಜ್ಜು ಮೊಣಕೈಯ ಹೊರಬದಿಯ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಸವೆಯುವುದರಿಂದ ಅದು ಬರುತ್ತದೆ.

ಬೆಳೆಯುವ ಮಗುವಿನಲ್ಲಿ ಕಥೆ ಬೇರೆ. ಮಗುವಿನ ಸ್ನಾಯುರಜ್ಜು ಗಟ್ಟಿಯಾಗಿಯೇ ಇರುತ್ತದೆ. ಆ ರಜ್ಜು ಹಿಡಿದುಕೊಂಡಿರುವ ಮೂಳೆಯ ಉಬ್ಬು ಮಾತ್ರ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ಉಬ್ಬಿಗೂ ತೋಳಿನ ಮೂಳೆಗೂ ನಡುವೆ ಬೆಳವಣಿಗೆಯ ಮೃದ್ವಸ್ಥಿಯ, ಅಂದರೆ ಇನ್ನೂ ಗಟ್ಟಿಯಾಗದ ಮೆದು ಮೂಳೆಯ, ತೆಳುವಾದ ಪದರವೊಂದಿದ್ದು, ಇಡೀ ಸರಪಳಿಯಲ್ಲಿ ಅದೇ ಎಲ್ಲಕ್ಕಿಂತ ದುರ್ಬಲವಾದ ಕೊಂಡಿಯಾಗಿರುತ್ತದೆ. ಒಳಬದಿಯ ಉಬ್ಬಿನಲ್ಲಿ ಮೂಳೆ ಕಾಣಿಸಿಕೊಳ್ಳಲು ಆರಂಭವಾಗುವುದು ಸುಮಾರು ಐದನೆಯ ವಯಸ್ಸಿನಲ್ಲಿ, ಅದು ತೋಳಿನ ಮೂಳೆಯೊಂದಿಗೆ ಪೂರ್ತಿ ಬೆಸೆದುಕೊಳ್ಳುವುದು ಹದಿನೈದು ಹದಿನೇಳರ ಹೊತ್ತಿಗೆ. ಈ ನಡುವಿನ ವರ್ಷಗಳಲ್ಲಿ ತೋಳೆತ್ತಿ ಬಲವಾಗಿ ಎಸೆದಾಗಲೆಲ್ಲ ಒಳಬದಿ ಎಳೆದಂತಾಗುತ್ತದೆ, ಹೊರಬದಿಯಲ್ಲಿ ಮೂಳೆಗೆ ಮೂಳೆ ಒತ್ತುತ್ತದೆ. ದೊಡ್ಡವರಲ್ಲಿ ರಜ್ಜು ಹಿಂಜುವಂಥ ಎಳೆತಕ್ಕೆ ಮಗುವಿನಲ್ಲಿ ಈ ಮೃದ್ವಸ್ಥಿ ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ, ಕೆಲವೊಮ್ಮೆ ಉಬ್ಬು ಕಿತ್ತೇ ಬರುತ್ತದೆ. ಬೇಸ್‌ಬಾಲ್ ಆಡುವ ಅಮೆರಿಕದ ಮಕ್ಕಳಲ್ಲಿ ಇದನ್ನು 1960ರಲ್ಲಿಯೇ ವಿವರಿಸಿ 'ಲಿಟಲ್ ಲೀಗರ್ಸ್ ಎಲ್ಬೋ' ಎಂದು ಹೆಸರಿಟ್ಟರು. ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಬೌಂಡರಿ ಗೆರೆಯಿಂದ ವಿಕೆಟ್ ಕೀಪರ್ ಕೈಗೆ ಎಸೆಯುವುದು, ಬ್ಯಾಡ್ಮಿಂಟನ್‌ನಲ್ಲಿ ಸ್ಮ್ಯಾಷ್ ಹೊಡೆಯುವುದು, ಜಾವೆಲಿನ್ ಎಸೆಯುವುದು ಎಲ್ಲವೂ ಮೊಣಕೈಯನ್ನು ಅದೇ ಬಗೆಯ ಒತ್ತಡಕ್ಕೆ ಗುರಿಮಾಡುತ್ತವೆ.

ಬೌಲಿಂಗ್ ಬಗ್ಗೆ ಒಂದು ಮಾತು ಸೇರಿಸಬೇಕು. ತೋಳನ್ನು ನೇರವಾಗಿಟ್ಟು ಮಾಡುವ ಬೌಲಿಂಗ್‌ಗಿಂತ ಫೀಲ್ಡಿಂಗ್ ಮಾಡುವಾಗಿನ ಎಸೆತವೇ ಮೊಣಕೈಗೆ ಭಾರ. ವೇಗದ ಬೌಲಿಂಗ್‌ನ ಹೊರೆ ಹೆಚ್ಚಾಗಿ ಸೊಂಟದ ಮೇಲೆ ಬೀಳುತ್ತದೆ. ಓವರುಗಳನ್ನು ಲೆಕ್ಕವಿಡುವ ಕೋಚ್‌ಗಳು ಬಹಳ ಮಂದಿ ಇದ್ದಾರೆ, ಫೀಲ್ಡಿಂಗ್ ಅಭ್ಯಾಸದ ಎಸೆತಗಳನ್ನು ಲೆಕ್ಕವಿಡುವವರು ಕಡಿಮೆ.

ಮನೆಯಲ್ಲಿ ನೋಡಿ ತಿಳಿಯುವ ಬಗೆ

"ನೋವಿದೆಯಾ?" ಎಂದು ಕೇಳಿದರೆ ತಂಡದಿಂದ ಕೈಬಿಡುತ್ತಾರೆಂಬ ಭಯದಿಂದ ಮಗು "ಇಲ್ಲ" ಎನ್ನುತ್ತದೆ. ಅದರ ಬದಲು "ಎಷ್ಟು ಬಾಲ್ ಎಸೆದ ಮೇಲೆ ಕೈ ಭಾರ ಅನಿಸುತ್ತದೆ?", "ಬೆಳಿಗ್ಗೆ ಎದ್ದಾಗ ಕೈ ಬಿಗಿಯಾಗಿರುತ್ತದೆಯೋ, ಸಲೀಸಾಗಿರುತ್ತದೆಯೋ?" ಎಂದು ಕೇಳಿ. ಉತ್ತರಕ್ಕಿಂತ ಹೆಚ್ಚಾಗಿ ಅದರ ಕೈಯನ್ನು ಗಮನಿಸಿ: ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು, ಸ್ಕೂಲ್ ಬ್ಯಾಗ್ ಎತ್ತಲು, ತಲೆ ಬಾಚಲು ಇನ್ನೊಂದು ಕೈ ಬಳಸುತ್ತಿದೆಯೇ? ಎಸೆತದ ವೇಗ ಅಥವಾ ಗುರಿ ಕಾರಣವಿಲ್ಲದೆ ಕುಂದಿದೆಯೇ? ಅನೇಕ ಮಕ್ಕಳಲ್ಲಿ ನೋವಿಗಿಂತ ಮೊದಲು ಕಾಣಿಸುವುದು ಇದೇ.

ಆಮೇಲೆ ಎರಡೂ ಕೈಗಳನ್ನು ಚಾಚಿಸಿ, ಮಡಚಿಸಿ ಹೋಲಿಸಿ ನೋಡಿ. ಒಳಬದಿಯ ಉಬ್ಬು, ಹೊರಬದಿಯ ಉಬ್ಬು, ಮೊಣಕೈಯ ಹಿಂದಿನ ತುದಿ ಈ ಮೂರನ್ನೂ ಮೆಲ್ಲಗೆ ಒತ್ತಿ ನೋಡಿ. ಒಳಬದಿ ನೋಯುವುದು ಎಸೆಯುವ ಮಕ್ಕಳಲ್ಲಿ ಸಾಮಾನ್ಯ. ಹಿಂದಿನ ತುದಿ ನೋಯುವುದು ಎಸೆಯುವವರಲ್ಲೂ ಕೈಯೂರಿ ಪಲ್ಟಿ ಹೊಡೆಯುವ ಜಿಮ್ನಾಸ್ಟಿಕ್ಸ್ ಮಕ್ಕಳಲ್ಲೂ ಕಂಡುಬರುತ್ತದೆ. ಹೊರಬದಿಯ ನೋವನ್ನು ಮಾತ್ರ ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಹತ್ತರೊಳಗಿನ ಮಕ್ಕಳಲ್ಲಿ ಅದು ವಿಶ್ರಾಂತಿಯಿಂದ ತಾನಾಗಿ ವಾಸಿಯಾಗುವ ತೊಂದರೆಯಾಗಿರಬಹುದು. ಹನ್ನೆರಡರ ಮೇಲಿನವರಲ್ಲಿ ಕೀಲಿನ ಮೇಲ್ಮೈಯಿಂದ ಮೂಳೆಯ ಚೂರೊಂದು ಮೃದ್ವಸ್ಥಿಯ ಸಮೇತ ಸಡಿಲವಾಗುತ್ತಿರಬಹುದು. ಈ ಎರಡನೆಯದನ್ನು ತಡವಾಗಿ ಗುರುತಿಸಿದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ.

ಎಸೆಯುವಾಗ 'ಟಕ್' ಎಂದಂತಾಗಿ ಒಮ್ಮೆಲೇ ತೀವ್ರ ನೋವು, ಊತ ಬಂದರೆ ಅದೇ ದಿನ ಮೂಳೆ ತಜ್ಞರಿಗೆ ತೋರಿಸಬೇಕು. ಉಬ್ಬು ಕಿತ್ತಿರುವ ಸಾಧ್ಯತೆ ಇರುತ್ತದೆ. ಮೊಣಕೈ ನಡುನಡುವೆ ಸಿಕ್ಕಿಕೊಂಡು ನಿಲ್ಲುವುದು, ಪೂರ್ತಿ ಚಾಚಲಾಗದಿರುವುದು, ಉಂಗುರ ಬೆರಳು ಮತ್ತು ಕಿರುಬೆರಳಿನಲ್ಲಿ ಜೋಮು ಹಿಡಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ಜ್ವರದೊಂದಿಗೆ ಕೀಲು ಕೆಂಪಾಗಿ ಬಿಸಿಯಾಗಿದ್ದರೆ ಅದು ಆಟದ ಗಾಯವಲ್ಲ, ಕೀಲಿನೊಳಗಿನ ಸೋಂಕಾಗಿರಬಹುದು. ಗಂಟೆಗಳೊಳಗೆ ಆಸ್ಪತ್ರೆ ಸೇರಬೇಕು. ಇವೇನೂ ಇಲ್ಲದಿದ್ದರೂ, ಎಸೆತ ನಿಲ್ಲಿಸಿ ಒಂದು ವಾರ ಹತ್ತು ದಿನ ಕಳೆದ ಮೇಲೆಯೂ ನೋವು ಉಳಿದಿದ್ದರೆ ತೋರಿಸಲೇಬೇಕು. ವೈದ್ಯರು ಎರಡೂ ಮೊಣಕೈಗಳ ಎಕ್ಸ್-ರೇ ಬರೆದುಕೊಟ್ಟರೆ ಒಳ್ಳೆಯ ಕೈಯದ್ದೇಕೆ ಎಂದು ಆಕ್ಷೇಪಿಸಬೇಡಿ. ಬೆಳೆಯುವ ಮೂಳೆಯಲ್ಲಿ ಮೃದ್ವಸ್ಥಿಯ ಸಂದು ಸಹಜವಾಗಿಯೇ ಕಪ್ಪು ಗೆರೆಯಂತೆ ಕಾಣುವುದರಿಂದ, ಅದು ಅಗಲವಾಗಿದೆಯೇ ಎಂದು ತಿಳಿಯಲು ಇನ್ನೊಂದು ಕೈಯೇ ಅಳತೆಗೋಲು. ಎಕ್ಸ್-ರೇಯಲ್ಲಿ ಏನೂ ಕಾಣದಿರುವುದೂ ಉಂಟು. ಆಗ ಕೈ ಮುಟ್ಟಿ ನೋಡಿದ ಪರೀಕ್ಷೆಯನ್ನೇ ನಂಬಬೇಕು.

ಮೊದಲ ವಾರಗಳ ಆರೈಕೆ

ಇಲ್ಲಿ ಮುಖ್ಯ ಔಷಧಿ ಎಸೆತವನ್ನು ನಿಲ್ಲಿಸುವುದು. ಒಳಬದಿಯ ಮೃದ್ವಸ್ಥಿಯ ಊತಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಕಾಲ ಎಸೆತ ಪೂರ್ತಿ ಬಂದ್ ಆಗಬೇಕಾಗುತ್ತದೆ, ಆಟಕ್ಕೆ ಮುಂಚಿನಂತೆ ಮರಳಲು ಒಟ್ಟು ಮೂರು ತಿಂಗಳು ಹಿಡಿಯಬಹುದು. ನಿಲ್ಲಿಸುವುದೆಂದರೆ ಅಕಾಡೆಮಿಯಲ್ಲಷ್ಟೇ ಅಲ್ಲ, ರಸ್ತೆಯ ಆಟದಲ್ಲಿಯೂ, ಮಾವಿನಕಾಯಿಗೆ ಕಲ್ಲು ಹೊಡೆಯುವುದರಲ್ಲಿಯೂ ನಿಲ್ಲಿಸುವುದು. ಹಾಗೆಂದು ಮಗುವನ್ನು ಮೈದಾನದಿಂದ ಪೂರ್ತಿ ದೂರವಿಡುವ ಅಗತ್ಯವಿಲ್ಲ, ಇಡಲೂಬಾರದು. ಓಟ, ಕಾಲಿನ ಚಲನೆಯ ಅಭ್ಯಾಸ, ನೋವು ಬಾರದಷ್ಟು ಬ್ಯಾಟಿಂಗ್, ಸ್ಕೋರ್ ಬರೆಯುವುದು ಇವೆಲ್ಲ ಅದಕ್ಕೆ ತಂಡದ ನಂಟನ್ನು ಉಳಿಸುತ್ತವೆ. ನಂಟು ಉಳಿದ ಮಗು ಕದ್ದು ಎಸೆಯುವುದಿಲ್ಲ.

ಮೊದಲ ಕೆಲವು ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ಬಾರಿ ಇಡಬಹುದು. ಒಳಬದಿಯಲ್ಲಿ ನರವೊಂದು ಚರ್ಮದ ಹತ್ತಿರವೇ ಹಾದುಹೋಗುವುದರಿಂದ ಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಇಡಬಾರದು, ಹೆಚ್ಚು ಹೊತ್ತು ಬಿಡಬಾರದು. ನೋವಿನ ಮಾತ್ರೆಯ ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಆಸ್ಪಿರಿನ್ ಅನ್ನು ಮಕ್ಕಳಿಗೆ ಕೊಡಲೇಬಾರದು. ಪಂದ್ಯಕ್ಕೆ ಮೊದಲು ನೋವು ಮರೆಸಲು ಮಾತ್ರೆ ನುಂಗಿಸುವುದಂತೂ ತೀರಾ ಕೆಟ್ಟ ರೂಢಿ, ಏಕೆಂದರೆ ಆ ಕೈಯನ್ನು ಕಾಪಾಡುತ್ತಿರುವುದೇ ಆ ನೋವು. ದೊಡ್ಡವರಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಬೆಳೆಯುವ ಮೂಳೆಗೆ ತಕ್ಕದ್ದಲ್ಲ.

ನಮ್ಮ ಕಡೆ ಉಳುಕೆಂದು ತಿಳಿದು ಎಣ್ಣೆ ಹಾಕಿ ತಿಕ್ಕಿಸುವ, ಎಳೆದು ಕಟ್ಟಿಸುವ ಪದ್ಧತಿ ಇನ್ನೂ ಇದೆ. ಹಿರಿಯರ ಕಾಳಜಿಯಿಂದಲೇ ಅದು ನಡೆಯುತ್ತದೆಂಬುದನ್ನು ಬಲ್ಲೆ. ಆದರೂ ಕೈಮುಗಿದು ಕೇಳುತ್ತೇನೆ: ಮಗುವಿನ ಮೊಣಕೈಯನ್ನು ಬಲವಾಗಿ ತಿಕ್ಕಿಸಬೇಡಿ, ನೆಟಿಗೆ ಮುರಿದಂತೆ ಎಳೆಸಬೇಡಿ. ಪೆಟ್ಟಾದ ಮೊಣಕೈಯನ್ನು ಹಾಗೆ ತಿಕ್ಕಿದಾಗ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿಯುವ ಅಪಾಯವಿದೆ, ಸಡಿಲಗೊಂಡ ಮೃದ್ವಸ್ಥಿ ಇನ್ನಷ್ಟು ಜರುಗುವ ಅಪಾಯವೂ ಇದೆ.

ಬಲ ತುಂಬುವ ವ್ಯಾಯಾಮ

ಒತ್ತಿದರೂ ನೋವಿಲ್ಲ, ಕೈ ಪೂರ್ತಿ ಚಾಚುತ್ತದೆ ಎಂದಾದ ಮೇಲೆ ವ್ಯಾಯಾಮ ಶುರುವಾಗಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಮುಂಗೈಯನ್ನು ಮೇಜಿನ ಮೇಲಿಟ್ಟು ಮಣಿಕಟ್ಟು ಮಾತ್ರ ಅಂಚಿನಿಂದ ಹೊರಗೆ ಬರುವಂತೆ ಮಗುವನ್ನು ಕೂರಿಸಿ. ಅಂಗೈ ಮೇಲೆ ಮಾಡಿ ಬಾಟಲಿ ಹಿಡಿಸಿ, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆ ತಂದು, ಐದು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಲು ಹೇಳಿ. ಹತ್ತು ಸಲ ಆದ ಮೇಲೆ ಅಂಗೈ ಕೆಳಗೆ ಮಾಡಿ ಅದನ್ನೇ ಹತ್ತು ಸಲ. ದಿನ ಬಿಟ್ಟು ದಿನ ಇಂಥ ಎರಡು ಮೂರು ಸುತ್ತು ಮಾಡಿದರೆ ಸಾಕು. ಇಳಿಸುವ ನಿಧಾನವೇ ಇದರ ಜೀವಾಳ. ಬಾಟಲಿಯನ್ನು ದಡಕ್ಕನೆ ಬೀಳಿಸುವ ಮಗುವಿಗೆ ಏನೂ ಪ್ರಯೋಜನವಾಗದು. ಒದ್ದೆ ಟವೆಲ್ ಹಿಂಡುವುದು, ಸ್ಪಂಜು ಒತ್ತುವುದು ಕೂಡ ಒಳ್ಳೆಯದೇ.

ಇಷ್ಟಕ್ಕೇ ನಿಲ್ಲಿಸಿದರೆ ನೋವು ಮರುಕಳಿಸುತ್ತದೆ. ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ. ಅದು ಸೊಂಟ, ಬೆನ್ನು, ಹೆಗಲಿನ ಮೂಲಕ ಕೈಗೆ ಬರಬೇಕು. ಸೊಂಟ ತಿರುಗದೆ ಬರೀ ಕೈಯಿಂದ ಎಸೆಯುವ ಮಗುವಿನಲ್ಲಿ ಮೊಣಕೈಯೇ ಎಲ್ಲವನ್ನೂ ಹೊರಬೇಕಾಗುತ್ತದೆ. ಆದ್ದರಿಂದ ಒಂದೇ ಕಾಲಿನ ಮೇಲೆ ನಿಲ್ಲುವುದು, ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲಾಂಕ್, ರಬ್ಬರ್ ಬ್ಯಾಂಡ್ ಹಿಡಿದು ಹೆಗಲನ್ನು ಹೊರಕ್ಕೆ ತಿರುಗಿಸುವುದು ಇವನ್ನೂ ಸೇರಿಸಬೇಕು. ಆಟಕ್ಕೆ ಮರಳುವ ಮುನ್ನ ಎಸೆಯುವ ಶೈಲಿಯನ್ನು ಕೋಚ್ ಒಮ್ಮೆ ಕೂತು ನೋಡಬೇಕು. ಮೊಣಕೈ ಹೆಗಲಿನ ಮಟ್ಟಕ್ಕಿಂತ ಕೆಳಗೆ ಜಾರುತ್ತಿದ್ದರೆ ಮೊದಲು ಅದನ್ನೇ ತಿದ್ದಬೇಕು.

ಮತ್ತೆ ಎಸೆಯುವಾಗ

ವೈದ್ಯರು ಒಪ್ಪಿದ ಮೇಲೆ ಹತ್ತು ಮೀಟರ್ ದೂರದಿಂದ ಇಪ್ಪತ್ತು ಹಗುರ ಎಸೆತ, ಮರುದಿನ ಬಿಡುವು. ಎರಡು ಸಲ ನೋವಿಲ್ಲದೆ ನಡೆದರೆ ಹದಿನೈದು ಮೀಟರ್, ಆಮೇಲೆ ಇಪ್ಪತ್ತು. ದೂರವನ್ನೂ ಸಂಖ್ಯೆಯನ್ನೂ ಒಂದೇ ದಿನ ಹೆಚ್ಚಿಸಬಾರದು. ಎಸೆಯುವಾಗ ಅಥವಾ ಮರುದಿನ ಬೆಳಿಗ್ಗೆ ನೋವು ಬಂದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಪೂರ್ಣ ವೇಗದ ಎಸೆತ, ಪಂದ್ಯ ಕೊನೆಗೆ. ಬ್ಯಾಡ್ಮಿಂಟನ್ ಮಕ್ಕಳು ನೆಟ್ ಬಳಿಯ ಆಟದಿಂದ ಶುರುಮಾಡಿ, ಅಂಕಣದ ಹಿಂಭಾಗಕ್ಕೆ ಎತ್ತಿ ಹೊಡೆಯುವ ಕ್ಲಿಯರ್‌ಗಳಿಗೆ ಬಂದು, ಸ್ಮ್ಯಾಷನ್ನು ಕಟ್ಟಕಡೆಗೆ ಸೇರಿಸಿಕೊಳ್ಳಬೇಕು. ರ‍್ಯಾಕೆಟ್ ಹಿಡಿ ಕೈಗೆ ತಕ್ಕಷ್ಟೇ ದಪ್ಪವಿರಲಿ, ತಂತಿಯ ಬಿಗಿ ದೊಡ್ಡ ಆಟಗಾರರದ್ದರಷ್ಟು ಬೇಡ. ಕ್ರಿಕೆಟ್ ನಿಯಮಗಳಲ್ಲಿಯೇ ಹದಿಮೂರರೊಳಗಿನವರ ಚೆಂಡಿಗೆ 133ರಿಂದ 144 ಗ್ರಾಂ ಎಂಬ ಬೇರೆ ಅಳತೆ ಇದೆ. ದೊಡ್ಡವರ ಚೆಂಡು 156 ಗ್ರಾಂನಿಂದ 163ರವರೆಗೆ ತೂಗುತ್ತದೆ. ಅದನ್ನು ಚಿಕ್ಕವರ ಕೈಗೆ ಕೊಡುವ ಆತುರವೇಕೆ?

ಲೆಕ್ಕವಿಡುವ ವಿಷಯದಲ್ಲಿ ಬೇಸ್‌ಬಾಲ್‌ನವರಿಂದ ಕಲಿಯಬೇಕಾದದ್ದಿದೆ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್ 2007ರಿಂದ ಮಕ್ಕಳ ಪ್ರತಿಯೊಂದು ಪಿಚ್ಚನ್ನೂ, ಅಂದರೆ ಬ್ಯಾಟ್ ಹಿಡಿದವರಿಗೆ ಹಾಕುವ ಎಸೆತವನ್ನೂ, ಎಣಿಸುತ್ತದೆ: 11-12 ವರ್ಷದವರಿಗೆ ದಿನಕ್ಕೆ 85ರ ಮಿತಿ, 66 ಮುಟ್ಟಿದರೆ ನಾಲ್ಕು ದಿನ ಪಿಚಿಂಗ್‌ಗೆ ಬಿಡುವು. ನಮ್ಮಲ್ಲಿ ಅಕಾಡೆಮಿಯ ಕೋಚ್‌ಗೆ ಶಾಲೆಯ ಆಟ ಕಾಣುವುದಿಲ್ಲ, ಪಿಟಿ ಮೇಷ್ಟ್ರಿಗೆ ಅಕಾಡೆಮಿ ಕಾಣುವುದಿಲ್ಲ, ರಸ್ತೆಯ ಆಟ ಇಬ್ಬರಿಗೂ ಕಾಣುವುದಿಲ್ಲ. ಮೂರನ್ನೂ ಬಲ್ಲವರು ಮನೆಯವರು ಮಾತ್ರ. ಆ ಹನ್ನೆರಡರ ಹುಡುಗನ ತಾಯಿಗೆ ನಾನು ಕೊಟ್ಟದ್ದು ನಲವತ್ತು ಪುಟದ ನೋಟ್‌ಬುಕ್: ದಿನಾಂಕ, ಎಲ್ಲಿ ಆಡಿದ, ಎಷ್ಟು ಹೊತ್ತು, ಸುಮಾರು ಎಷ್ಟು ಎಸೆತ, ಮರುದಿನ ಕೈ ಹೇಗಿತ್ತು, ಇಷ್ಟೇ. ವಾರದಲ್ಲಿ ಅಭ್ಯಾಸದ ಒಟ್ಟು ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ, ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಲಿ, ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟ ಬಿಟ್ಟು ಬೇರೊಂದನ್ನು ಆಡಲಿ.

ಏಪ್ರಿಲ್ ಮೇ ತಿಂಗಳ ಬೇಸಿಗೆ ಶಿಬಿರಗಳ ಮುನ್ನ ಆ ನೋಟ್‌ಬುಕ್ ತೆರೆದು ನೋಡಿ. ಪರೀಕ್ಷೆಯೆಂದು ಎರಡು ತಿಂಗಳು ಚೆಂಡು ಮುಟ್ಟದ ಮಗು, ಶಿಬಿರದ ಮೊದಲ ದಿನವೇ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಸೆಯಲು ನಿಲ್ಲುತ್ತದೆ. ಅಂಥ ಮಗುವಿಗೆ ಪರೀಕ್ಷೆ ಮುಗಿದ ಮೇಲೆ ಎರಡು ವಾರ ಮನೆಯ ಹತ್ತಿರವೇ ಹಗುರವಾಗಿ ಎಸೆಯುವ ಅಭ್ಯಾಸ ಮಾಡಿಸಿ, ಶಿಬಿರದ ಮೊದಲ ವಾರ ಒಂದು ಹೊತ್ತಿಗೆ ಮಾತ್ರ ಕಳಿಸಿ, ಮಗುವಿನ ಕೈಗೆ ಹಿಂದೆ ನೋವು ಬಂದಿದ್ದರೆ ಶಿಬಿರಕ್ಕೆ ಸೇರಿಸುವ ದಿನವೇ ಅದನ್ನು ಕೋಚ್‌ಗೆ ತಿಳಿಸಿ.