ಸುರಪುರದ ಗುಡ್ಡಗಳ ನಡುವೆ ಒಂದು ದಿನ: ನನ್ನ ಅನುಭವ

ಮೊದಲ ಸಲ ಕಲಬುರಗಿಯಿಂದ ಸುರಪುರದ ಕಡೆಗೆ ಕಾರಿನಲ್ಲಿ ಹೊರಟಾಗ ನನ್ನ ಚೀಟಿಯಲ್ಲಿ ಏಳು ಊರುಗಳಿದ್ದವು. ರಾತ್ರಿ ಮನೆಗೆ ಬಂದು ಕುಳಿತಾಗ, ಯಾವ ಫೋಟೊ ಯಾವ ಊರಿನದೆಂದು ನನಗೂ ನನ್ನ ಹೆಂಡತಿಗೂ ವಾದವಾಗುವಷ್ಟು ಎಲ್ಲವೂ ಕಲಸಿಹೋಗಿತ್ತು. ಕಳೆದ ಜನವರಿಯಲ್ಲಿ ಎಪ್ಪತ್ತೆರಡು ವರ್ಷದ ಅವ್ವನನ್ನೂ ಕರೆದುಕೊಂಡು ಅದೇ ದಾರಿ ಹಿಡಿದಾಗ ಶಹಾಪುರ, ವಾಗಣಗೇರಾ, ಸುರಪುರ ಎಂದು ಮೂರನ್ನಷ್ಟೇ ಇಟ್ಟುಕೊಂಡೆ. ಹೊತ್ತು ಉಳಿದರೆ ಹಕ್ಕಿಗಳಿಗೆ ಹೆಸರಾದ ಬೋನಾಳ ಕೆರೆ. ಸನ್ನತಿಯನ್ನು ಕೈಬಿಡುವುದು ಕಷ್ಟವಾಯಿತು. ಆದರೆ 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕ ಊರು ಅದು; ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೊ ಅಸೋಕೊ’ ಎಂಬ ಬರಹವಿರುವ ಅರಸನ ಶಿಲ್ಪವೂ ಸಿಕ್ಕಿದೆ. ಇಂಥ ಸ್ಥಳವನ್ನು ದಾರಿಯಲ್ಲಿ ಅರ್ಧ ತಾಸು ಇಳಿದು ನೋಡಿ ಬರುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಬೆಳಿಗ್ಗೆ ಆರಕ್ಕೆ ಹೊರಟೆವು. ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ, ಜೇವರ್ಗಿಯಲ್ಲಿ ಚಹಾ ಕುಡಿದದ್ದನ್ನು ಬಿಟ್ಟರೆ ಶಹಾಪುರದವರೆಗೆ ಎಲ್ಲಿಯೂ ನಿಲ್ಲಲಿಲ್ಲ. ಈ ದಾರಿಯಲ್ಲಿ ಜನವರಿಯಲ್ಲಿ ಒಂದು ಎಚ್ಚರಿಕೆ ಅಗತ್ಯ: ರಾಶಿಯ ಕಾಲವಾದ್ದರಿಂದ ರೈತರು ಅಲ್ಲಲ್ಲಿ ಡಾಂಬರಿನ ಮೇಲೆಯೇ ಬೆಳೆಯನ್ನು ಹರಡಿರುತ್ತಾರೆ, ಹತ್ತಿ ಹೇರಿದ ಟ್ರ್ಯಾಕ್ಟರುಗಳು ಅರ್ಧ ರಸ್ತೆಯನ್ನು ಆಕ್ರಮಿಸಿಕೊಂಡು ಬರುತ್ತವೆ. ಗಂಟೆಗೆ ಐವತ್ತು ಕಿಲೋಮೀಟರ್ ದಾಟದೆ ಓಡಿಸಿದ್ದರಿಂದಲೇ ನೆಲ ಬದಲಾಗುವುದನ್ನು ಗಮನಿಸಲು ನನಗೆ ಸಾಧ್ಯವಾಯಿತು. ಕಲಬುರಗಿಯ ಕಪ್ಪು ಎರೆಯ ಬಯಲಿನಲ್ಲಿ ತೊಗರಿಯ ಹೊಲಗಳು, ಭೀಮೆಯ ಸೀಮೆಯ ಮನೆಗಳಲ್ಲಿ ಶಹಾಬಾದಿ ಪರಸಿಯ ಹಾಸುಗಲ್ಲು, ಶಹಾಪುರ ಸಮೀಪಿಸಿದಂತೆ ಒಮ್ಮೆಲೇ ಒಂದರ ಮೇಲೊಂದು ಪೇರಿಸಿಟ್ಟಂತಹ ಗ್ರಾನೈಟ್ ಬಂಡೆಗಳ ಗುಡ್ಡಗಳು.

ಶಹಾಪುರದ ಮಲಗಿದ ಬುದ್ಧನನ್ನು ಮೊದಲ ಸಲ ನಾನು ನೋಡಿಯೇ ಇರಲಿಲ್ಲ. ಬೇರೆ ಬೇರೆ ಗುಡ್ಡಗಳ ಅಂಚುಗಳು ಒಂದು ಕೋನದಲ್ಲಿ ಸಾಲುಗೂಡಿದಾಗ ಮಾತ್ರ ಆ ಹಣೆ, ಮೂಗು, ಎದೆ ಕೂಡಿಕೊಳ್ಳುತ್ತವೆ. ಕಾರು ಸ್ವಲ್ಪ ಮುಂದೆ ಹೋದರೆ ಬುದ್ಧ ಮಾಯವಾಗಿ ಬರೀ ಕಲ್ಲುಗುಡ್ಡ ಉಳಿಯುತ್ತದೆ. ಈ ಸಲ ರಸ್ತೆಯ ಬದಿಗೆ ಕಾರು ನಿಲ್ಲಿಸಿ ಹಿಂದೆ ಮುಂದೆ ನಡೆದು ಆ ಜಾಗವನ್ನು ಹುಡುಕಿದೆವು. ನಮಗಿಂತ ಮೊದಲು ಕಂಡದ್ದು ಅವ್ವನಿಗೆ.

ಸುರಪುರ ಮೊದಲು ಸಿಕ್ಕಿದರೂ ಅಲ್ಲಿ ಇಳಿಯದೆ, ಬಿಸಿಲೇರುವ ಮುನ್ನವೇ ಕೋಟೆ ಹತ್ತಬೇಕೆಂದು ನೇರವಾಗಿ ವಾಗಣಗೇರಾಕ್ಕೆ ಹೋದೆವು. ದಿನದ ನಿರ್ಧಾರಗಳಲ್ಲಿ ಇದೇ ಅತ್ಯುತ್ತಮವಾದದ್ದು. ಔರಂಗಜೇಬ ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಈ ಕೋಟೆಯ ಮೇಲಿನದು. ಬೇಡ ನಾಯಕರ ಪಿಡ್ಡನಾಯಕ ಅವನ ದೊಡ್ಡ ಸೈನ್ಯವನ್ನು ವಾರಗಟ್ಟಲೆ ತಡೆದು, ಕೊನೆಗೆ ಕೋಟೆ ಬಿದ್ದರೂ ತಾನು ಕೈಗೆ ಸಿಗದೆ ತಪ್ಪಿಸಿಕೊಂಡ. ಓದಿದಾಗ ಅದು ಹೇಗೆ ಸಾಧ್ಯವಾಯಿತೆಂದು ನನಗೆ ಅರ್ಥವಾಗಿರಲಿಲ್ಲ. ಬಂಡೆಗಳ ಸಂದಿನಲ್ಲಿ ನುಸುಳಿ ಮೇಲೇರುವಾಗ, ಹತ್ತು ಹೆಜ್ಜೆ ಮುಂದಿದ್ದ ಹೆಂಡತಿ ಎರಡು ಸಲ ಕಾಣದಾದಾಗ ಅರ್ಥವಾಯಿತು. ಇಲ್ಲಿ ಕಟ್ಟಿದ ಗೋಡೆಗಿಂತ ಹುಟ್ಟಿದ ಬಂಡೆಯೇ ಹೆಚ್ಚು ಕೆಲಸ ಮಾಡಿದೆ. ಮೇಲೆ ನೀರಾಗಲಿ ಅಂಗಡಿಯಾಗಲಿ ಇಲ್ಲದ್ದರಿಂದ ಎರಡು ಬಾಟಲಿ ಒಯ್ದದ್ದು ಒಳ್ಳೆಯದಾಯಿತು. ನಾವು ಇಳಿದು ಬರುವಷ್ಟರಲ್ಲಿ, ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ ಅಲ್ಲಿನ ಇಬ್ಬರು ಹೆಣ್ಣುಮಕ್ಕಳ ತವರೂರು ಯಾವುದೆಂಬುದನ್ನೂ ತಿಳಿದುಕೊಂಡಿದ್ದಳು.

ಸುರಪುರದಲ್ಲಿ ತಪ್ಪು ಮಾಡಿದವನು ನಾನೇ. ಗುಡಿಯ ಹತ್ತಿರದವರೆಗೂ ಹೋಗೋಣವೆಂದು ಇಕ್ಕಟ್ಟಿನ ಏರು ಓಣಿಯೊಳಗೆ ಕಾರು ನುಗ್ಗಿಸಿದೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, ‘ಮುಂದ ತಿರುಗ್ಸಾಕ ಜಾಗಾ ಇಲ್ರೀ ಸಾಹೇಬ್ರ, ಗಾಡಿ ಇಲ್ಲೇ ಬಿಡ್ರಿ’ ಎಂದು ಕೂಗಿದ್ದು ಕೇಳಿಸಿತು. ಕೇಳಿಸಿಯೂ ಮುಂದೆ ಹೋದೆ. ಹಿಂದಕ್ಕೆ ತೆಗೆಯುವಾಗ ಎಡಬದಿಯ ಬಾಗಿಲು ಮೆಟ್ಟಿಲ ಕಲ್ಲಿಗೆ ಉಜ್ಜಿ ಗೇಣುದ್ದ ಗೀರು ಬಿತ್ತು. ಆ ಹಿರಿಯರೇ ಎದ್ದುಬಂದು ಕೈಸನ್ನೆ ಮಾಡಿ ಹೊರದಾರಿ ತೋರಿಸಿದರು, ‘ನಾ ಹೇಳಿದ್ದೆ’ ಎಂಬ ಮಾತನ್ನು ಮಾತ್ರ ಆಡಲಿಲ್ಲ. ಆಮೇಲೆ ದೊಡ್ಡ ರಸ್ತೆಯ ಬದಿಗೆ ಕಾರು ಬಿಟ್ಟು ನಡೆದೇ ಸುತ್ತಿದೆವು. ಗೋಕುಲಾಷ್ಟಮಿಯ ಹೊತ್ತಿನಲ್ಲಿ ಎತ್ತರದ ಕಂಬಗಳನ್ನು ಏರುವ ಹಾಲೋಕಳಿಗೆ ಹೆಸರಾದ ವೇಣುಗೋಪಾಲಸ್ವಾಮಿ ಗುಡಿಯ ಬಯಲು ಆ ಮಧ್ಯಾಹ್ನ ಖಾಲಿಯಾಗಿತ್ತು.

ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಮುಗಿಸಿ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹೋದೆವು. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಬಂಗಲೆ ಇದು. ಸರ್ಕಾರಿ ಅತಿಥಿಗೃಹವಾಗಿರುವುದರಿಂದ ನಾವು ಹೊರಗಿನಿಂದ ನೋಡಿದೆವಷ್ಟೇ. ಆದರೆ ಅಂಗಳದಲ್ಲಿ ನಿಂತರೆ ಸುತ್ತಲಿನ ಗುಡ್ಡಗಳ ಮಡಿಲಲ್ಲಿ ಊರು ಹೇಗೆ ಕುಳಿತಿದೆಯೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಟೇಲರ್‌ನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದ ಬಾಲಕ ರಾಜಾ ವೆಂಕಟಪ್ಪ ನಾಯಕ ಮುಂದೆ ಬ್ರಿಟಿಷರ ವಿರುದ್ಧವೇ ಎದ್ದು, 1858ರಲ್ಲಿ ಸೆರೆಯಲ್ಲಿದ್ದಾಗ ಸತ್ತ. ಬಂಗಲೆಯ ಅಂಗಳದಲ್ಲಿ ನಿಂತು ನಾನು ಇದನ್ನು ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: ‘ಆ ಹುಡುಗನ ತಾಯಿ ಇದ್ಲೇನಪಾ ಆವಾಗ?’ ನನಗೆ ಉತ್ತರ ಗೊತ್ತಿರಲಿಲ್ಲ.

ಗೀರು ಬಿದ್ದ ಗಡಿಬಿಡಿಯಲ್ಲಿ ಒಂದು ತಾಸು ಹೋಗಿದ್ದರೂ ಐದರ ಹೊತ್ತಿಗೆ ಬೋನಾಳ ಕೆರೆಯ ಏರಿ ಮುಟ್ಟಿದೆವು. ದುರ್ಬೀನು ತಂದಿರಲಿಲ್ಲ, ದೂರದ ನೀರಿನ ಮೇಲೆ ಬಾತುಗಳು ಕಪ್ಪು ಚುಕ್ಕೆಗಳಾಗಿ ಕಂಡವು, ಕೊಕ್ಕರೆಗಳು ಮಾತ್ರ ಹತ್ತಿರವಿದ್ದವು. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ದೀಪವಿಲ್ಲದ ಬಂಡಿಗಳೂ ಇರುತ್ತವೆಯಾದ್ದರಿಂದ ಸೂರ್ಯ ಮುಳುಗುವವರೆಗೆ ಕಾಯದೆ ಹೊರಟೆವು. ಮನೆ ಸೇರಿದಾಗ ಎಂಟೂವರೆಯಾಗಿತ್ತು. ಬಾಗಿಲಿನ ಗೀರಿಗೆ ಇನ್ನೂ ಬಣ್ಣ ಹಾಕಿಸಿಲ್ಲ, ದುರ್ಬೀನು ಮಾತ್ರ ಕೊಂಡಿದ್ದೇನೆ.