ಬಿಳಿ ಚುಕ್ಕೆ, ಹಸಿರು ಔಷಧಿ, ಮತ್ತೆ ನನ್ನ ಮೈಕ್ರೋಸ್ಕೋಪ್

ನಮ್ಮ ಮನೆಯ ಗೋಲ್ಡ್ ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕೆ ಕಂಡ ದಿನ ನಾನೂ ಎಲ್ಲರ ಹಾಗೇ ಫೋಟೋ ತೆಗೆದುಕೊಂಡು ಮೀನಿನ ಅಂಗಡಿಗೆ ಓಡಿದೆ. "ವೈಟ್ ಸ್ಪಾಟ್ ಸಾರ್, ಬೇಗ ಔಷಧಿ ಹಾಕಿ, ಇಲ್ಲಾಂದ್ರೆ ಎಲ್ಲಾ ಹೋಗ್ಬಿಡ್ತವೆ" ಅಂದರು. ಒಂದು ಹಸಿರು ಬಾಟಲಿ ಕೊಟ್ಟರು. ಹೆದರಿಕೆಯಲ್ಲಿ ಹೇಳಿದ್ದಕ್ಕಿಂತ ನಾಲ್ಕು ಹನಿ ಜಾಸ್ತಿಯೇ ಹಾಕಿದೆ. ಮೂರನೇ ದಿನ ಎರಡು ಮೀನುಗಳಲ್ಲಿ ಒಂದು ಸತ್ತಿತ್ತು. ಔಷಧಿ ಹೆಚ್ಚಾಯಿತೋ, ಫಿಲ್ಟರ್‌ನಲ್ಲಿದ್ದ, ಅಮೋನಿಯಾ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ನೀರಲ್ಲಿ ಅಮೋನಿಯಾ ಏರಿತೋ, ಇವತ್ತಿಗೂ ಹೇಳಲಾರೆ. ಉಳಿದ ಮೀನು ಮಾತ್ರ ತಿಂದುಕೊಂಡು ಓಡಾಡಿಕೊಂಡಿತ್ತು. ಅದರ ಚುಕ್ಕೆಗಳೂ ಹಾಗೇ ಇದ್ದವು.

ಆ ಸಿಟ್ಟಿನಲ್ಲೇ ಒಂದು ಯುಎಸ್‌ಬಿ ಮೈಕ್ರೋಸ್ಕೋಪ್ ತರಿಸಿದೆ. ಒಂದೂವರೆ ಸಾವಿರ ರೂಪಾಯಿ. ದಪ್ಪ ಪೆನ್ನಿನ ಹಾಗಿರುತ್ತದೆ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಚಿತ್ರ ಪರದೆ ಮೇಲೆ ಬರುತ್ತದೆ. ಮೀನನ್ನು ಚಿಕ್ಕ ಗಾಜಿನ ಡಬ್ಬಿಗೆ ಬಿಟ್ಟು, ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದೆ. ಮೀನು ಒಂದು ಕ್ಷಣ ನಿಂತಾಗ ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಎಲ್ಲಾ ಒಂದೇ ಅಳತೆ. ಕಿವಿರಿನ ಮುಚ್ಚಳದ ಮೇಲೆ, ಮತ್ತೆ ಎದೆಯ ಪಕ್ಕದ ರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಸಾಲಾಗಿ ಪೋಣಿಸಿದ ಹಾಗೆ. ಬೇರೆಲ್ಲೂ ಇಲ್ಲ. ಹುಡುಕಿ ಓದಿದಾಗ ಗೊತ್ತಾಯಿತು: ಮರಿ ಮಾಡುವ ಕಾಲಕ್ಕೆ ಗಂಡು ಗೋಲ್ಡ್ ಫಿಶ್‌ಗೆ ಬರುವ ಗುಳ್ಳೆಗಳು ಅವು. ಹುಡುಗರಿಗೆ ಮೀಸೆ ಬಂದ ಹಾಗೆ. ಅದಕ್ಕೆ ನಾನು ವಿಷ ಹಾಕಿದ್ದೆ.

ಡಬ್ಬಿಯ ಮೇಲೆ "1000X" ಎಂದು ಬರೆದಿತ್ತು. ನಂಬಬೇಡಿ. ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಸುಳ್ಳು ಬಯಲಾಗುತ್ತದೆ. ಪೂರ್ತಿ ದೊಡ್ಡದು ಮಾಡಿದಾಗ ನನ್ನ ಪರದೆಯ ಅಗಲಕ್ಕೆ 2 ಮಿಲಿಮೀಟರ್ ಹಿಡಿಯುತ್ತಿತ್ತು. ಪರದೆಯ ಅಗಲ ಸುಮಾರು 31 ಸೆಂಟಿಮೀಟರ್. ಅಂದರೆ 150 ಪಟ್ಟು, ಅಷ್ಟೇ. ಅದೂ ಚಿತ್ರ ಹಿಗ್ಗಿಸಿದ ಲೆಕ್ಕ, ಹೊಸ ವಿವರವೇನೂ ಕಾಣುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪ್ ಇದೆಯಲ್ಲ, ಅದು 140 ಪಟ್ಟು ಎಂದಷ್ಟೇ ಹೇಳಿಕೊಳ್ಳುತ್ತದೆ. ಸಣ್ಣ ಜೀವಿಗಳ ವಿಷಯದಲ್ಲಿ ಅದರ ಮುಂದೆ ನನ್ನ 1000X ಸೋತಿತು.

ಹಾಗಂತ ಯುಎಸ್‌ಬಿಯದ್ದು ದಂಡ ಅಲ್ಲ. ಗಾಜಿಗೆ ಅಂಟಿದ ಹೈಡ್ರಾ, ಎಲೆ ಮೇಲಿನ ಮೊಟ್ಟೆ, ರೆಕ್ಕೆಯ ಹರುಕು, ಡಾಫ್ನಿಯಾ ಎಂಬ ನೀರಿನ ಚಿಗಟದ ಹೃದಯ ಬಡಿಯುವುದು, ಎಲ್ಲಾ ಚೆನ್ನಾಗಿ ಕಾಣುತ್ತದೆ. ನನಗೆ ಜಾಸ್ತಿ ಉಪಯೋಗವಾಗಿದ್ದು ಬ್ರೈನ್ ಶ್ರಿಂಪ್ ಮೊಟ್ಟೆ ನೋಡಲು (ಮೀನಿನ ಆಹಾರಕ್ಕೆ ಉಪ್ಪುನೀರಿನಲ್ಲಿ ಮರಿ ಮಾಡಿಸುವ ಪುಟ್ಟ ಸೀಗಡಿ ಅದು). ಮೊಟ್ಟೆ ಸುಮಾರು ಕಾಲು ಮಿಲಿಮೀಟರ್, ಒಡೆದ ಮರಿ ಸುಮಾರು ಅರ್ಧ ಮಿಲಿಮೀಟರ್. 24 ಗಂಟೆ ಬಿಟ್ಟು ಒಂದು ಹನಿ ತೆಗೆದು ಎಣಿಸಿದೆ. 50 ಮೊಟ್ಟೆಯಲ್ಲಿ ಒಡೆದಿದ್ದು 14. ಡಬ್ಬಿ ಹಳೆಯದು. ಅದಕ್ಕೂ ಮೊದಲು ಒಂದು ತಿಂಗಳು ನನ್ನ ಉಪ್ಪಿನ ಅಳತೆಯೇ ತಪ್ಪು ಎಂದುಕೊಂಡು ದಿನಾ ಬದಲಿಸುತ್ತಿದ್ದೆ!

ಬೆಳಕಿನ ವಿಷಯ ಮಾತ್ರ ತಲೆನೋವು. ಇದರ ಎಲ್‌ಇಡಿ ದೀಪಗಳು ಮೇಲಿನಿಂದ ಬೀಳುತ್ತವೆ. ನೀರಿನ ಹನಿ ಇಟ್ಟರೆ ದೀಪಗಳ ಪ್ರತಿಬಿಂಬವೇ ಕಾಣುತ್ತದೆ. ಪಾರದರ್ಶಕ ಜೀವಿಗಳಿಗೆ ಬೆಳಕು ಕೆಳಗಿನಿಂದ ಬರಬೇಕು. ನಾನು ಮಾಡಿದ್ದು ಇಷ್ಟು: ಮೊಬೈಲ್‌ನಲ್ಲಿ ಬಿಳಿ ಪರದೆ ಹಾಕಿ ಮಲಗಿಸಿದೆ, ಮೇಲೆ ಬಟರ್ ಪೇಪರ್, ಎರಡು ಬಾಟಲಿ ಮುಚ್ಚಳದ ಮೇಲೆ ಗಾಜಿನ ಸ್ಲೈಡ್. ಮುಚ್ಚಳ ಇಡದಿದ್ದರೆ ಪರದೆಯ ಚುಕ್ಕೆಗಳೇ ಹುಳುಗಳ ಹಾಗೆ ಕಾಣುತ್ತವೆ. ಜೊತೆಗೆ ಬಂದ ಸ್ಟ್ಯಾಂಡ್ ಅಲ್ಲಾಡುತ್ತಿತ್ತು, ಹಲಗೆಗೆ ಸ್ಕ್ರೂ ಹೊಡೆದೆ. ಆದರೂ ಪರಾವಲಂಬಿಗಳನ್ನು ಗುರುತಿಸಲು ಇದು ಸಾಲದು. ಆರು ತಿಂಗಳ ನಂತರ ಹರಿಯಾಣದ ಅಂಬಾಲದಲ್ಲಿ ಮಾಡಿದ ಒಂದು ಸೆಕೆಂಡ್ ಹ್ಯಾಂಡ್ ಸ್ಟೂಡೆಂಟ್ ಮೈಕ್ರೋಸ್ಕೋಪ್ ಕೊಂಡೆ. 40, 100, 400 ಪಟ್ಟು, ಮೂರೂ ನಿಜವಾದವು. ಕಣ್ಣಿಡುವ ಜಾಗಕ್ಕೆ ಒಂದು ಚಿಕ್ಕ ಕ್ಯಾಮೆರಾ ಸಿಕ್ಕಿಸಿದೆ.

ಮೊದಲ ವಾರ ಪೂರ್ತಿ ಗಾಬರಿ. ತೊಟ್ಟಿಯ ತಳದ ನೀರು ನೋಡಿದರೆ ಪ್ಯಾರಮೀಸಿಯಂ, ರೋಟಿಫರ್, ಗಂಟೆ ಆಕಾರದ ವರ್ಟಿಸೆಲ್ಲಾ, ಸೂಕ್ಷ್ಮ ಜೀವಿಗಳ ಜಾತ್ರೆ ನೆರೆದ ಹಾಗೆ. ಎಲ್ಲಾ ರೋಗವೇ ಅನ್ನಿಸಿತು. ಹಸಿರು ಬಾಟಲಿ ಮತ್ತೆ ಕೈಗೆ ಬಂದಿತ್ತು. ಅವೆಲ್ಲಾ ಆರೋಗ್ಯವಾಗಿರುವ ತೊಟ್ಟಿಯಲ್ಲೂ ಇರುತ್ತವೆ. ತೊಟ್ಟಿ ನೀರಲ್ಲಿ ಏನಿದೆ ಅನ್ನುವುದಕ್ಕಿಂತ ಮೀನಿನ ಮೈಯ ಲೋಳೆಯಲ್ಲಿ ಏನಿದೆ, ಎಷ್ಟಿದೆ ಅಂತ ನೋಡಬೇಕು.

ಲೋಳೆ ತೆಗೆಯುವುದನ್ನು ಕಲಿಯಲು ಸಮಯ ಹಿಡಿಯಿತು. ಕೈ ಒದ್ದೆ, ಬಟ್ಟೆ ಒದ್ದೆ ಇರಬೇಕು. ಆ ಬಟ್ಟೆಯಿಂದ ಮೀನಿನ ಕಣ್ಣು ಮುಚ್ಚಿದರೆ ಒದ್ದಾಟ ಕಡಿಮೆ. ಕವರ್ ಸ್ಲಿಪ್‌ನ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ಅಂಚಿನಿಂದ ತಲೆಯಿಂದ ಬಾಲದ ಕಡೆಗೆ ಒಂದೇ ಸಲ, ಹಗುರಾಗಿ. ಹಿಮ್ಮುಖವಾಗಿ ಎಳೆದರೆ ಹುರುಪೆ ಕಿತ್ತು ಬರುತ್ತದೆ. ಸ್ಲೈಡ್ ಮೇಲೆ ತೊಟ್ಟಿಯದೇ ನೀರು ಒಂದು ಹನಿ. ನಲ್ಲಿ ನೀರು ಹಾಕಿದರೆ ಕ್ಲೋರಿನ್‌ಗೆ ಇದ್ದ ಜೀವಿಗಳೂ ಸಾಯುತ್ತವೆ. ಹತ್ತು ನಿಮಿಷದೊಳಗೆ ನೋಡಿಬಿಡಬೇಕು. ನಿಯಾನ್ ಟೆಟ್ರಾದಂತಹ ಪುಟ್ಟ ಮೀನಿಗೆ ಇದನ್ನು ಮಾಡಬೇಡಿ. ಕಿವಿರು ಕತ್ತರಿಸಿ ನೋಡುವುದಂತೂ ಮನೆಯ ಕೆಲಸ ಅಲ್ಲ.

ಡಿಸೆಂಬರ್ ಚಳಿಗೆ ಹೊಸದಾಗಿ ತಂದ ಮೋಲಿ ಮೀನುಗಳಿಗೆ ಚುಕ್ಕೆ ಬಂತು. ಈ ಸಲ ಮೊದಲು ಸ್ಲೈಡ್. 40 ಪಟ್ಟಿನಲ್ಲೇ ಸಿಕ್ಕಿತು: ದುಂಡಗೆ ಕಪ್ಪಾಗಿ, ನಿಧಾನಕ್ಕೆ ಉರುಳುವ ಜೀವಿ. ನೂರಕ್ಕೆ ಹಾಕಿದಾಗ ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ (ನ್ಯೂಕ್ಲಿಯಸ್). ವೈಟ್ ಸ್ಪಾಟ್ ತರುವ ಪರಾವಲಂಬಿ ಇಕ್ ಅಂದರೆ ಇದೇ, ಅನುಮಾನವೇ ಇಲ್ಲ. ಇದು ಚರ್ಮದ ಒಳಗೆ ಕೂತಿರುವಾಗ ಔಷಧಿ ತಾಗುವುದಿಲ್ಲ. ಉದುರಿ ತಳಕ್ಕೆ ಬಿದ್ದು, ಗೂಡು ಕಟ್ಟಿ, ನೂರಾರು ಮರಿಯಾಗಿ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಹೀಟರ್ 28 ಡಿಗ್ರಿಗೆ ಏರಿಸಿದೆ, ಅದರ ಚಕ್ರ ಬೇಗ ಮುಗಿಯಲಿ ಎಂದು. ಲೀಟರಿಗೆ 2 ಗ್ರಾಂ ಕಲ್ಲುಪ್ಪು ಹಾಕಿದೆ. ಮೋಲಿಗೆ ಉಪ್ಪು ತಡೆಯುತ್ತದೆ, ಎಲ್ಲಾ ಮೀನಿಗೂ ಅಲ್ಲ. ದಿನಾ ತಳದ ಕಸ ಎಳೆದೆ. ಐದನೇ ದಿನ ಚುಕ್ಕೆ ಮಾಯ. ಹಿಂದಿನ ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಎರಡು ವಾರ ಮುಂದುವರಿಸಿದೆ. ಒಂದೂ ಸಾಯಲಿಲ್ಲ.

ಇನ್ನೊಂದು ಸಲ ಗಪ್ಪಿ ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಚುಕ್ಕೆ ಇಲ್ಲ, ಏನೂ ಇಲ್ಲ. ಲೋಳೆಯಲ್ಲಿ ಒಂದು ಹುಳು ಕೊಕ್ಕೆಯೂರಿ ಜಿಗಣೆಯ ಹಾಗೆ ಮೈ ಚಾಚುತ್ತಿತ್ತು. ಕಣ್ಣಿನ ಚುಕ್ಕೆಗಳಿಲ್ಲ, ಹೊಟ್ಟೆಯೊಳಗೆ ಇನ್ನೊಂದು ಜೊತೆ ಕೊಕ್ಕೆ. ಅದು ಅದರ ಮರಿಯದು! ಗೈರೋಡ್ಯಾಕ್ಟಿಲಸ್. ಅದು ಮರಿ ಹಾಕುವ ಹುಳು. ಇದರ ನೆಂಟ ಡ್ಯಾಕ್ಟಿಲೋಗೈರಸ್‌ಗೆ ನಾಲ್ಕು ಕಣ್ಣಿನ ಚುಕ್ಕೆ ಇರುತ್ತದೆ, ಅದು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಔಷಧಿ ತಾಗದ ಕಾರಣ ಅದಕ್ಕಾದರೆ ಮತ್ತೆ ಮತ್ತೆ ಹಾಕಬೇಕು. ಪರದೆಯ ಮೇಲೆ ಕಣ್ಣು ಎಣಿಸಿ ಔಷಧಿಯ ಲೆಕ್ಕ ಹಾಕುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿಗೆ ಹೋಯಿತು. ಆ ವಿಡಿಯೋವನ್ನು ಮಗಳು ಶಾಲೆಗೆ ಒಯ್ದಿದ್ದಳು.

ಈಗ ಒಂದು ಏಂಜೆಲ್ ಮೀನು ನಾಲ್ಕು ದಿನದಿಂದ ತಿನ್ನುತ್ತಿಲ್ಲ. ಎರಡು ಸಲ ಲೋಳೆ ನೋಡಿದೆ, ಏನೂ ಸಿಗಲಿಲ್ಲ. ಹೊಟ್ಟೆಯದೇ ತೊಂದರೆ ಇರಬೇಕು, ಅಂದರೆ ತಾಜಾ ಮಲ ಬೇಕು. ನಿನ್ನೆ ಸಂಜೆ ಪೈಪೆಟ್ ಹಿಡಿದು ತೊಟ್ಟಿ ಮುಂದೆ ಒಂದು ಗಂಟೆ ಕೂತಿದ್ದೆ. "ಇನ್ನೂ ಮಾಡಿಲ್ವಾ ಅದು?" ಅಂತ ಹೆಂಡತಿ ಅಡುಗೆಮನೆಯಿಂದ ಎರಡು ಸಲ ಕೇಳಿದಳು. ಇನ್ನೂ ಇಲ್ಲ.